ಹೊತ್ತು ಮುಳುಗುವ ಮುಂಚೆ ನಿಂತ ಕಾರು

ಹಳೇಬೀಡು, 15 ಏಪ್ರಿಲ್ 1985, ಸೋಮವಾರ

ನಿನ್ನೆ, ಅಂದರೆ 1985ನೆಯ ಇಸವಿ ಏಪ್ರಿಲ್ ಹದಿನಾಲ್ಕರ ಭಾನುವಾರ ಸಂಜೆ, ಕೆಂಚನಹಳ್ಳ ಗೇಟಿನಲ್ಲಿ ಅರಣ್ಯ ಇಲಾಖೆಯವರು ನನ್ನ ಕೋವಿಯನ್ನು ಕಿತ್ತುಕೊಂಡರು. ನಾವು ಹೋಗಿದ್ದ ಬಾಡಿಗೆ ಕಾರನ್ನು ಹಿಡಿದಿಟ್ಟುಕೊಂಡರು. ಹೆಂಡತಿ, ತಂಗಿ, ತಂಗಿಯ ಗಂಡನ ಎದುರಿಗೆ ನನ್ನನ್ನು ಕಳ್ಳಬೇಟೆಯವನು ಎಂದರು. ಮೂರೂ ಅನ್ಯಾಯ. ತಾರೀಖು ಸಮೇತ ಬರೆದಿಡುತ್ತಿದ್ದೇನೆ. ನಾಳೆ ಕೇಳಿದರೆ ಇಂಥದ್ದು ನಡೆದೇ ಇಲ್ಲ ಎನ್ನುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಯಾರದೋ ಮಾತು ಕೇಳಿ ನನ್ನ ಮನೆ ಜಾಲಾಡಿದವರೂ ಹಾಗೆಯೇ ಅಂದಿದ್ದರು. ಆ ಮಾತು ಯಾರದು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಒಂದರ ಹಿಂದೊಂದು ಎರಡು ಚುನಾವಣೆ ಬಂದದ್ದರಿಂದ ಊರಿನ ಕೋವಿಗಳೆಲ್ಲ ಡಿಸೆಂಬರಿನಿಂದ ಠಾಣೆಯಲ್ಲಿದ್ದವು. ಮಾರ್ಚಿ ಕೊನೆಗೆ ನನ್ನದು ಕೈಗೆ ಬಂದಾಗ ಅದರ ಕುದುರೆ, ಅಂದರೆ ಕೇಪಿಗೆ ಹೊಡೆಯುವ ಭಾಗ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೈಸೂರಿಗೆ ಒಯ್ದು ರಿಪೇರಿ ಮಾಡಿಸಿಕೊಂಡು ಬರಲು ಠಾಣೆಯಿಂದಲೇ ಬರೆಸಿಕೊಂಡೆ. ಅರಸೀಕೆರೆಯಿಂದ ತಂಗಿ ಯಶೋಧಾ, ಅವಳ ಗಂಡ ವಿಮಲನಾಥ ಬಂದಿದ್ದರು. ‘ಮೈಸೂರಿನವರೆಗೆ ಹೋಗ್ತೀವಿ, ಹಾಗೇ ಕಾಡಿಗೂ ಹೋಗಿ ಆನೆ ನೋಡೋಣ ಅಣ್ಣಯ್ಯ’ ಎಂದು ಯಶೋಧಾ ಹಟ ಹಿಡಿದಳು. ಮಾದಿಹಳ್ಳಿಯ ಸಿದ್ದಬಸಪ್ಪನ ಅಂಬಾಸಿಡರ್ ಗೊತ್ತು ಮಾಡಿದೆ. ಶನಿವಾರ ಕೋವಿ ಕೈಗೆ ಬಂತು. ಭಾನುವಾರ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು.

ಒಳಹೋಗುವ ಗೇಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಗಾರ್ಡು ಕಾರಿನ ನಂಬರು ಬರೆದುಕೊಂಡು ಅಡ್ಡಮರ ಎತ್ತಿದ. ಕೋವಿ ಡಿಕ್ಕಿಯಲ್ಲಿ ಚಾಪೆಯ ಕೆಳಗಿತ್ತು. ಧೂಳು ತಾಕದಿರಲಿ ಎಂದು ಹಾಗಿಟ್ಟದ್ದು, ಬಚ್ಚಿಡಲು ಅಲ್ಲ. ಜಿಂಕೆ ಕಂಡವು, ಕಾಟಿ ಕಂಡವು. ಆನೆಗೆ ಕಾಯುತ್ತ ಹೊತ್ತು ಇಳಿಯಿತು. ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹೊರಗೆ ಬೀಳುವ ಗೇಟು ಇನ್ನೂ ದೂರವಿತ್ತು. ಒಂದು ಮೋರಿಯ ಬಳಿ ಕಾರು ನಿಲ್ಲಿಸಲು ಹೇಳಿದೆ. ನನ್ನ ಹೆಂಡತಿ ಧರ್ಮಾವತಿ ಬುತ್ತಿ ಬಿಚ್ಚಿದಳು. ಮೋರಿಯ ಕಟ್ಟೆಯ ಮೇಲೆ ಕೂತು ಚಪಾತಿ, ಹೆಸರುಕಾಳಿನ ಪಲ್ಯ ತಿನ್ನುತ್ತಿದ್ದಾಗ ಇಲಾಖೆಯ ಜೀಪು ಬಂತು.

‘ಇದೇನು ನಿಮ್ಮ ಮಾವನ ಮನೆ ತೋಟವೇನ್ರೀ, ಇಳಿದು ಉಣ್ಣೋಕೆ? ಆನೆ ಬಂದು ತುಳಿದಿದ್ರೆ?’

‘ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ’ ಎಂದೆ.

‘ಉಣ್ಣಲ್ವಾ? ಮತ್ತೆ ಹೊತ್ತು ಮುಳುಗಿದ್ಮೇಲೆ ಏನ್ ಮಾಡ್ತೀರಾ ಈ ಕಾಡಲ್ಲಿ?’

ಆ ಪ್ರಶ್ನೆಯ ಧಾಟಿ ನೋಡಿ. ಜೀಪು ಕೆಂಚನಹಳ್ಳ ಗೇಟಿನವರೆಗೆ ನಮ್ಮ ಬೆನ್ನಿಗೇ ಬಂತು. ಅಲ್ಲಿ ಎಲ್ಲರನ್ನೂ ಇಳಿಸಿದರು. ಕಾರು ನಿಲ್ಲಿಸಬಾರದೆಂಬ ಕಾನೂನು ಯಾವುದು, ಅದನ್ನು ಎಲ್ಲಿ ಪ್ರಕಟಿಸಿದ್ದೀರಿ ಎಂದು ನಾನು ಅವರ ಮುಖ್ಯಸ್ಥನನ್ನು ಕೇಳುತ್ತಿದ್ದೆ. ಧರ್ಮಾವತಿ ಬುತ್ತಿಯ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದಳು. ಸಿದ್ದಬಸಪ್ಪ ರೇಡಿಯೇಟರಿಗೆ ನೀರು ತರುತ್ತೇನೆಂದು ಗಾರ್ಡುಗಳ ಗುಡಿಸಲ ಹಿಂದೆ ಹೋಗಿ ಬೀಡಿ ಹಚ್ಚಿಕೊಂಡು ಅವರ ಜೊತೆ ಮಾತಿಗೆ ನಿಂತ. ಅದಾದ ಸ್ವಲ್ಪ ಹೊತ್ತಿಗೆ ಒಬ್ಬ ಗಾರ್ಡು ಸೀದಾ ಡಿಕ್ಕಿಗೆ ಹೋಗಿ, ಸೀದಾ ಚಾಪೆ ಎತ್ತಿ, ಸೀದಾ ಕೋವಿ ತೆಗೆದ. ಸೀಟಿನ ಕೆಳಗೆ ನೋಡಲಿಲ್ಲ, ಚೀಲ ಬಿಚ್ಚಲಿಲ್ಲ. ಹೇಳಿಕೊಡದೆ ಯಾರಿಗೂ ಹೀಗೆ ಗೊತ್ತಾಗುವುದಿಲ್ಲ.

ಲಾರಿ ಹತ್ತಿ ಮೈಸೂರಿಗೆ ಬಂದೆವು, ಬೆಳಿಗ್ಗೆ ಬಸ್ಸಿನಲ್ಲಿ ಊರಿಗೆ. ದಾರಿಯುದ್ದಕ್ಕೂ ನಾನು ಒಂದೇ ಮಾತು ಯೋಚಿಸಿದೆ: ಹೇಳಿದವರು ಯಾರು?

18 ಏಪ್ರಿಲ್, ಗುರುವಾರ

ಸಂತೆ. ಬಸ್ ನಿಲ್ದಾಣದ ಎದುರಿನ ರೇವಣಸಿದ್ದಪ್ಪನ ದಿನಸಿ ಅಂಗಡಿಗೆ ಬೆಲ್ಲಕ್ಕೆ ಹೋದೆ. ಅಂಗಡಿಯ ಮುಂದೆ ಜನ ತುಂಬಿದ್ದರು. ನನ್ನನ್ನು ಕಂಡದ್ದೇ ಅವನು ತಕ್ಕಡಿ ಕೆಳಗಿಟ್ಟ.

‘ಬನ್ನಿ ಪದ್ಮರಾಜಯ್ಯನೋರೇ, ಹುಲಿ ಬೇಟೆ ಹೆಂಗಾಯ್ತು? ಈರುಳ್ಳಿ ಹೆಚ್ಚೋಕೆ ಹಿಂಜರಿಯೋ ಮನೆತನ, ಸೀದಾ ಹುಲಿಗೇ ಕೈ ಹಾಕ್ಬುಟ್ರಲ್ಲ!’

ನಕ್ಕರು. ಮಾದಿಹಳ್ಳಿ ಕಡೆಯ ಒಬ್ಬ, ‘ಒಂದ್ ಉಗುರಾದ್ರೂ ತರ್ಬಾರ್ದಾ, ಮೊಮ್ಮಗೀಗೆ ಕಟ್ತಿದ್ದೆ’ ಎಂದ.

ನಾನು ನಗಲಿಲ್ಲ. ಇಂಥ ಮಾತನ್ನು ಮೊದಲ ದಿನವೇ ಚಿವುಟದಿದ್ದರೆ ಆಮೇಲೆ ಚಿವುಟಲಾಗುವುದಿಲ್ಲ. ‘ಬೇಟೆಯೂ ಇಲ್ಲ, ಹುಲಿಯೂ ಇಲ್ಲ. ಲೈಸೆನ್ಸು ಇರುವ ಕೋವಿ, ಖಾಲಿ ಕೋವಿ. ಹಿಡಿಸಿಕೊಟ್ಟವನು ನಮ್ಮ ಜೊತೆಯಲ್ಲೇ ಇದ್ದ’ ಎಂದೆ.

‘ಯಾರು?’

‘ಸ್ಟೀರಿಂಗ್ ಹಿಡಿದವನು.’

‘ಸಿದ್ದಬಸಪ್ಪನಾ?’ ಎಂದ ರೇವಣಸಿದ್ದಪ್ಪ. ‘ಅವನ ಕಾರೇ ಅಲ್ಲಿ ಸಿಕ್ಕೊಂಡೈತಲ್ಲ ಸ್ವಾಮಿ. ತನ್ನ ಕಾರ್ ತಾನೇ ಹಿಡಿಸ್ಕಂತಾನಾ?’

‘ಹಿಡಿಯುತ್ತಾರೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ. ಚಾಡಿಕೋರನಿಗೆ ಮುಂದಿನದು ಎಲ್ಲಿ ಕಾಣುತ್ತದೆ?’ ಎಂದೆ. ಒಪ್ಪುವ ಹಾಗೆ ತಲೆಯಾಡಿಸಿದರು. ಬೆಲ್ಲ ತೆಗೆದುಕೊಂಡು ಬಂದೆ. ಮನೆಯಲ್ಲಿ ಈ ಮಾತು ಎತ್ತಲಿಲ್ಲ. ಹೆಂಗಸರಿಗೆ ಇದೆಲ್ಲ ಯಾಕೆ.

20 ಏಪ್ರಿಲ್

ನಮ್ಮ ತಂದೆಯವರು ಈ ಕೋವಿಗೆ ಲೈಸೆನ್ಸ್ ಪಡೆದದ್ದು ಮಹಾರಾಜರ ಕಾಲದಲ್ಲಿ, ಬೆಳೆ ರಕ್ಷಣೆಗೆ. ಕೇಪಿನ ಕೋವಿ, ಒಂಟಿ ನಳಿಗೆಯದು. ‘ಜೈನರ ಮನೆಯಲ್ಲಿ ಕೋವಿಯೇ’ ಎಂದು ಬಸದಿಯಲ್ಲಿ ಆಗಲೂ ಮಾತಾಗಿತ್ತಂತೆ. ತಂದೆಯವರು ಬಸದಿಯಲ್ಲೇ ನಿಂತು ನೇಮ ಮಾಡಿದರು: ಬರೀ ಮದ್ದು, ಸೀಸದ ಚರೆ ಎಂದಿಗೂ ಇಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಕೋವಿಯಿಂದ ಹೊಗೆ ಬಂದಿದೆ, ಸದ್ದು ಬಂದಿದೆ, ಮತ್ತೇನೂ ಬಂದಿಲ್ಲ. ಸದ್ದಿಗೆ ತೋಟದ ಕೋತಿಗಳು ಓಡುತ್ತವೆ, ಅಷ್ಟೇ. ಒಂದು ಇರುವೆ ಕೊಲ್ಲದ ಕೋವಿಯನ್ನು ಹಿಡಿದು ನನ್ನನ್ನು ಕಳ್ಳಬೇಟೆಯವನು ಎಂದರಲ್ಲ, ಇವರ ನಾಲಗೆಗೆ ಲೈಸೆನ್ಸು ಕೊಟ್ಟವರು ಯಾರು?

23 ಏಪ್ರಿಲ್

ಬೇಲೂರಿಗೆ ಹೋಗಿ ಗ್ರಂಥಾಲಯದಲ್ಲಿ 1972ರ ವನ್ಯಜೀವಿ ಕಾಯಿದೆಯನ್ನು ತೆಗೆಸಿ ಓದಿದೆ. ಮೂವತ್ತೊಂದನೆಯ ಕಲಮು: ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸತಕ್ಕದ್ದಲ್ಲ. ಅಭಯಾರಣ್ಯ! ನಾವು ಹೋದದ್ದು ರಾಷ್ಟ್ರೀಯ ಉದ್ಯಾನಕ್ಕೆ. ಅಲ್ಲೇ ಕೂತು ನಕ್ಕುಬಿಟ್ಟೆ. ಗ್ರಂಥಪಾಲಕ ತಲೆಯೆತ್ತಿ ನೋಡಿದ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಮುಂದೆ ಓದಿದೆ. ಮೂವತ್ತೈದನೆಯ ಕಲಮಿನ ಕೊನೆಯಲ್ಲಿ, ಅಭಯಾರಣ್ಯಕ್ಕೆ ಹೇಳಿದ್ದೆಲ್ಲ ಉದ್ಯಾನಕ್ಕೂ ಅನ್ವಯಿಸುತ್ತದೆ ಎಂದಿದೆ. ನೇರವಾಗಿ ಹೇಳುವ ಮಾತನ್ನು ಹೀಗೆ ಬಾಲದಲ್ಲಿ ಕಟ್ಟುವುದೇ ಜನರನ್ನು ಸಿಕ್ಕಿಸಲು. ಲೈಸೆನ್ಸು ಬೇರೆ, ಆ ಅನುಮತಿ ಬೇರೆ. ಹಾಗಿದ್ದರೆ ಲೈಸೆನ್ಸು ನವೀಕರಿಸುವಾಗ ಪ್ರತಿ ಸಲವೂ ಕಚೇರಿಯಲ್ಲಿ ಅದನ್ನು ಹೇಳಬೇಡವೇ? ಇಷ್ಟು ವರ್ಷದಲ್ಲಿ ಒಬ್ಬನಾದರೂ ಹೇಳಿದನೇ?

28 ಏಪ್ರಿಲ್

ಸಿದ್ದಬಸಪ್ಪ ಬಂದಿದ್ದ. ಜಗಲಿಯ ಕಂಬಕ್ಕೆ ಒರಗಿ ನಿಂತ. ಕೂತುಕೋ ಎಂದರೂ ಕೂರಲಿಲ್ಲ.

‘ರೇಂಜರ್ ಆಫೀಸ್ಗೆ ಹೋಗಿದ್ದೆ ಯಜಮಾನ್ರೇ. ಕಾರು ಅಂಗಳದಾಗೆ ನಿಂತೈತೆ. ಟಯರ್ ಗಾಳಿ ಇಳಿದೈತೆ. ಕೋತಿ ವೈಪರ್ ಕಿತ್ಕಂಡ್ ಹೋಗವೆ.’

‘ಅದಕ್ಕೆ?’

‘ಕೋವಿಯೋರು ಬಂದು, ಪರ್ಮಿಶನ್ ಇಲ್ದೆ ಒಳಕ್ ತಂದಿದ್ದು ತಪ್ಪು ಅಂತ ಒಂದ್ ಸೈನ್ ಹಾಕಿ, ದಂಡ ಕಟ್ಟಿದ್ರೆ ಕಾರ್ ಬುಡ್ತೀವಿ ಅಂದವ್ರೆ. ಇಲ್ದಿದ್ರೆ ಕೋರ್ಟು. ಕೋರ್ಟ್ ಅಂದ್ರೆ ಯಾವ್ ಕಾಲಕ್ಕೋ. ದಂಡ ಬೇಕಾರೆ ನಾನೇ ಕಟ್ತೀನಿ. ಸೈನ್ ಮಾತ್ರ ನಿಮ್ದೇ ಆಗ್ಬೇಕಂತೆ.’

‘ಸೈನ್ ಹಾಕಿದರೆ ನಾನು ಕಳ್ಳಬೇಟೆಯವನು ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇನಯ್ಯ?’

‘ಬೇಟೆ ಅಂತ ಬರ್ಯಲ್ಲ ಯಜಮಾನ್ರೇ. ಕೋವಿ ತಂದಿದ್ದೆ ಅಂತ ಅಷ್ಟೇಯ. ತಂದಿದ್ದು ನಿಜ ತಾನೇ?’

ಈ ಮನುಷ್ಯನಿಗೆ ಕಾಯಿದೆಯ ಒಳಸುಳಿ ಹೇಗೆ ತಿಳಿಯಿತು? ರೇಂಜರ್ ಆಫೀಸಿನವರು ಇವನಿಗೆ ಇಷ್ಟು ಬಿಡಿಸಿ ಹೇಳಬೇಕಾದರೆ ಮುಂಚಿನ ಪರಿಚಯ ಇರಲೇಬೇಕು. ‘ನಿನಗೆ ಅಲ್ಲಿ ಬೇಕಾದವರು ಇದ್ದಾರೆ ಅಂತ ಕಾಣುತ್ತದೆ’ ಎಂದೆ. ಅವನು ಮುಖ ತಗ್ಗಿಸಿದ. ನಾನು ಸಂತೆಯಲ್ಲಿ ಹೇಳಿದ್ದು ಅವನ ಕಿವಿಗೆ ಬಿದ್ದಿರಬೇಕು.

ಧರ್ಮಾವತಿ ಮಜ್ಜಿಗೆ ತಂದುಕೊಟ್ಟು, ‘ಕಾರಿಲ್ದೆ ಬಾಡಿಗೆಗೆ ಏನ್ ಮಾಡ್ತೀರಪ್ಪಾ?’ ಎಂದಳು. ‘ಕಾರ್ ನಿಂತ್ರೆ ಮನೆ ನಿಂತಂಗೆ ತಾಯಿ’ ಎಂದ. ಅವನು ಹೋದ ಮೇಲೆ ಅವಳು, ‘ಒಂದು ಸಹಿ ಹಾಕೋದ್ರಲ್ಲಿ ಏನಿದೆ?’ ಎಂದಳು. ಹೆಸರು ಎಂದರೆ ಏನು ಎಂದು ಅವಳಿಗೆ ವಿವರಿಸಿದೆ. ಹೆಸರನ್ನು ಒಮ್ಮೆ ಕಳೆದುಕೊಂಡವನು ಮತ್ತೆ ಸಂಪಾದಿಸಲಾರ ಎಂದೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

3 ಮೇ

ತೋಟಕ್ಕೆ ಕೋತಿಗಳು. ಎಳನೀರನ್ನೆಲ್ಲ ತೂತು ಮಾಡಿ ಎಸೆದಿವೆ.

7 ಮೇ

ಅರಸೀಕೆರೆಯಲ್ಲಿ ವಿಮಲನಾಥನ ಕೊಬ್ಬರಿ ಮಂಡಿಗೆ ಹೋದೆ. ಅವನನ್ನೂ ಕೇಳದೆ ಬಿಡಬಾರದು. ಕೊಬ್ಬರಿ ಒಡೆದು ವಾಸನೆ ನೋಡುತ್ತ ಮಾತಾಡಿದ.

‘ಭಾವ, ನನ್ನ ಮೇಲೂ ಅನುಮಾನವೇ? ನಾನು ಅಲ್ಲಿ ಯಶೋಧಾಗೆ ಬೈಯ್ತಾ ನಿಂತಿದ್ದೆ. ಆನೆ ನೋಡಬೇಕು ಅಂತ ಹಟ ಮಾಡಿದ್ದು ಅವಳಲ್ವಾ.’

‘ಹಾಗಾದರೆ ಯಾರು?’

‘ಯಾರೋ ಬಿಡಿ. ಬೋರ್ಡ್ ಓದಿದೋರು ಯಾರು ಬೇಕಾದರೂ ಕೇಳಿಯಾರು, ಹೇಳಿಯಾರು.’

‘ಯಾವ ಬೋರ್ಡು?’

‘ಮೊದಲನೇ ಗೇಟಲ್ಲಿ ಇತ್ತಲ್ಲ ಭಾವ. ಆಯುಧ ಇದ್ರೆ ಇಲ್ಲಿ ಒಪ್ಪಿಸಿ ರಸೀದಿ ತಗೊಳ್ಳಿ ಅಂತ. ನೀವು ಆ ಕಡೆ ಜಿಂಕೆ ತೋರಿಸ್ತಾ ಇದ್ರಿ.’

‘ಓದಿದವನು ನನಗೆ ಯಾಕೆ ಹೇಳಲಿಲ್ಲ?’

‘ಕಾಯಿದೆ ವಿಷಯದಲ್ಲಿ ನಿಮಗೆ ಹೇಳೋರು ಉಂಟೇ! ಪರ್ಮಿಟ್ ತಗೊಂಡಿರ್ತೀರಿ ಅಂತ ಸುಮ್ಮನಿದ್ದೆ.’ ಮಂಡಿಯ ಆಳುಗಳು ನಕ್ಕರು.

ಬೋರ್ಡು ಇರಲಿಲ್ಲ. ಇದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿತ್ತೇ? ನಾನು ಔಷಧಿ ಸೀಸೆಯ ಚೀಟಿಯನ್ನೂ ಬಿಡದೆ ಓದುವವನು. ವಿಮಲನಾಥ ಇಲಾಖೆಯವರ ಪರ ವಹಿಸುವುದಕ್ಕೆ ಕಾರಣ ಏನಿರಬಹುದು? ಅವನ ಅಂಗಡಿಗೆ ತಿಪಟೂರಿನ ಕಡೆಯಿಂದ ಒಬ್ಬ ಅರಣ್ಯ ಗುತ್ತಿಗೆದಾರ ಬಂದು ಹೋಗುತ್ತಿದ್ದುದು ನನಗೆ ನೆನಪಿದೆ. ಊಟಕ್ಕೆ ನಿಲ್ಲದೆ ಬಂದೆ.

16 ಮೇ, ಗುರುವಾರ

ಸಂತೆಗೆ ಹೋಗಿದ್ದೆ. ದೇವಸ್ಥಾನದ ಮುಂದಿನ ಟ್ಯಾಕ್ಸಿಯವರು ಸಿದ್ದಬಸಪ್ಪನನ್ನು ತಮ್ಮ ಗಾಡಿಗಳ ಹತ್ತಿರ ಸೇರಿಸುತ್ತಿಲ್ಲವಂತೆ. ಗಾಡಿ ಹತ್ತಿದವರನ್ನೇ ಹಿಡಿಸಿಕೊಡುವವನಿಗೆ ಯಾರು ಗಾಡಿ ಕೊಡುತ್ತಾರೆ? ಬೇಲೂರಿನ ಒಬ್ಬ ಮಾಲೀಕ ತನ್ನ ವ್ಯಾನಿಗೆ ಡ್ರೈವರನಾಗಿ ಕರೆದಿದ್ದನಂತೆ, ಆಮೇಲೆ ಬೇಡವೆಂದನಂತೆ. ಊರು ಸತ್ಯವನ್ನು ತಾನಾಗಿಯೇ ಕಂಡುಕೊಳ್ಳುತ್ತದೆ.

ರೇವಣಸಿದ್ದಪ್ಪ ಮಾತ್ರ ಗೊಣಗಿದ: ‘ಯಜಮಾನ್ರೇ, ನಿಮ್ಮ ಮಾತಿಗೆ ಊರಲ್ಲಿ ತೂಕ ಜಾಸ್ತಿ. ಸ್ವಲ್ಪ ನೋಡ್ಕಂಡ್ ಇಡ್ಬೇಕು.’

ಇವನಿಗೂ ಸಿದ್ದಬಸಪ್ಪನಿಗೂ ಒಂದೇ ಮಠ. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಅವನ ಮಾತು ಕೇಳಬೇಕು.

22 ಮೇ

ಕೋತಿಗಳು ಇಂದೂ ಬಂದಿದ್ದವು. ಧರ್ಮಾವತಿ ಖಾಲಿ ಎಣ್ಣೆಡಬ್ಬ ಬಡಿದಳು. ಹೋದವು.

30 ಮೇ

ಗಂಡಸಿ ಊರಿನಲ್ಲಿ ನಮ್ಮ ಕಾಯಿ ಕೊಳ್ಳುವ ವ್ಯಾಪಾರಿಯ ಬಳಿ ಹೋಗಿದ್ದೆ. ಅಲ್ಲಿ ಲಾರಿಗೆ ತೆಂಗಿನಕಾಯಿ ತುಂಬುವವರಲ್ಲಿ ಸಿದ್ದಬಸಪ್ಪನೂ ಇದ್ದ. ತಲೆಗೆ ಟವೆಲ್ ಸುತ್ತಿದ್ದ. ನನ್ನನ್ನು ಕಂಡು ಬುಟ್ಟಿ ಇಳಿಸಿ ಲಾರಿಯ ಆ ಬದಿಗೆ ಹೋದ. ತಪ್ಪಿಲ್ಲದವನು ಯಾಕೆ ಮರೆಯಾಗಬೇಕು?

ಲಾರಿಯ ಡ್ರೈವರು ಹಿಂದಕ್ಕೆ ತೆಗೆಯುವಾಗ ಕಲ್ಲಿಗೆ ತಾಗಿಸಿದ. ಸಿದ್ದಬಸಪ್ಪ ‘ಎಡಕ್ಕೆ ಹೊಡಿಯೋ, ಎಡಕ್ಕೆ!’ ಎಂದು ಕೂಗಿದ. ಆ ಡ್ರೈವರು, ‘ನೀ ಕಾಯಿ ಎತ್ತಲಾ, ಚಾಡಿ ಸಿದ್ದ’ ಎಂದ. ಎಲ್ಲರೂ ನಕ್ಕರು. ಸಿದ್ದಬಸಪ್ಪ ಕಾಯಿ ಎತ್ತಿದ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ತಲೆನೋವು ಬಂತು. ಬಿಸಿಲು.

4 ಜೂನ್

ಮಳೆ ಹಿಡಿದಿದೆ. ಇಲಾಖೆಯಿಂದ ನೋಟೀಸು ಬಂತು: ತಪ್ಪೊಪ್ಪಿಗೆ ಕೊಡದಿದ್ದಲ್ಲಿ ಮೊಕದ್ದಮೆ ಹೂಡಲಾಗುವುದು. ಬೆದರಿಕೆ. ಪತ್ರಿಕೆಗೆ ಬರೆಯುತ್ತೇನೆ. ಎಲ್ಲರ ಎದುರಿಗೆ ಉತ್ತರ ಕೊಡಲಿ.

11 ಜೂನ್, ಮಂಗಳವಾರ

ಇದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಪತ್ರಿಕೆಗೆ ಕಳಿಸಬೇಕಾದ ಪತ್ರ ಮುಗಿಯಿತು. ಕಿವಿಗೆ ಹೇಗೆ ಕೇಳುತ್ತದೆಂದು ನೋಡಲು ಜೋರಾಗಿ ಓದಿದೆ. ಧರ್ಮಾವತಿ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ‘ನಮ್ಮ ಬಾಡಿಗೆ ಕಾರಿನ ಚಾಲಕನೇ ಗುಟ್ಟಾಗಿ ಸುದ್ದಿ ಮುಟ್ಟಿಸಿದ ಮೇರೆಗೆ’ ಎಂಬಲ್ಲಿಗೆ ಬಂದಾಗ ಅವಳು ಮೊರ ಕೆಳಗಿಟ್ಟಳು.

‘ಇದೇನು ಬರೆದಿದ್ದೀರಿ? ಸಿದ್ದಬಸಪ್ಪ ಎಲ್ಲಿ ಹೇಳಿದ? ಹೇಳಿದ್ದು ನಾನಲ್ವಾ.’

ಏನು ಎಂದೆ.

‘ನಲ್ಲಿ ಹತ್ತಿರ ಡಬ್ಬಿ ತೊಳೀತಾ ಇದ್ದೆ. ಒಬ್ಬ ಗಾರ್ಡ್ ಬಂದು, ಅಮ್ಮಾ ಗಾಡೀಲಿ ಆಯುಧ ಏನಾದ್ರೂ ಇದೆಯಾ ಅಂತ ಕೇಳಿದ. ಕೋವಿ ಇದೆ, ಡಿಕ್ಕೀಲಿ ಚಾಪೆ ಕೆಳಗೆ, ಮದ್ದಿಲ್ಲ ಅಂದೆ.’

‘ಯಾಕೆ ಹೇಳಿದೆ?’

‘ಕೇಳಿದ್ರು. ಇದೆ. ಇಲ್ಲ ಅನ್ನಬೇಕಿತ್ತಾ?’

ಇಷ್ಟು ದಿನ ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು.

‘ಮುಚ್ಚಿಡೋದೇನು? ನಿಮ್ಮ ಬೆನ್ನ ಹಿಂದೇನೇ ನಿಂತು ಹೇಳಿದ್ದು. ನೀವು ಆ ಆಫೀಸರ್ ಜೊತೆ ಕಾಯಿದೆ ಮಾತಾಡ್ತಾ ಇದ್ರಿ. ಕೇಳಿಸಿಕೊಂಡಿದ್ದೀರಿ, ನನ್ನ ಮೇಲೆ ಕೋಪ ಇಟ್ಟುಕೊಂಡಿದ್ದೀರಿ ಅಂತಲೇ ಅಂದುಕೊಂಡಿದ್ದೆ. ಊರಲ್ಲಿ ಎಲ್ಲರನ್ನೂ ಕೇಳಿದಿರಿ. ನನ್ನನ್ನ ಕೇಳಲೇ ಇಲ್ಲ.’

ಹೌದು, ಕೇಳಿರಲಿಲ್ಲ. ಆದರೆ ಇವಳು ಸಿದ್ದಬಸಪ್ಪನನ್ನು ಉಳಿಸಲು ಈಗ ಹೀಗೆ ಕಟ್ಟುತ್ತಿರಬಹುದೇ ಎಂಬ ಯೋಚನೆಯೂ ಬಂತು. ಮಜ್ಜಿಗೆ ಕೊಟ್ಟವಳು. ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದೆ. ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಹರಕೆಯ ಉಪವಾಸದ ದಿನ ಬಾಯಾರಿಕೆಯಾಗಿದೆಯೇ ಎಂದರೆ ಆಗಿದೆ ಎನ್ನುವವಳು.

‘ಈ ಮಾತು ಕಾಗದದಲ್ಲಿ ಮಾತ್ರ ಇದೆಯೋ, ಇನ್ನೆಲ್ಲಾದರೂ ಹೇಳಿದ್ದೀರೋ?’ ಎಂದಳು.

‘ಸಂತೆಯಲ್ಲಿ ಹೇಳಿದ್ದೇನೆ.’

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು: ‘ಅದಕ್ಕೇ ಪಕ್ಕದ ಮನೆ ಕಾಂತಮ್ಮ, ಸಿದ್ದಬಸಪ್ಪನ ಹೆಂಡತಿ ಡೈರಿಗೆ ಹಾಲು ಹಾಕೋಕೂ ಬರ್ತಿಲ್ಲ ಅಂತಿದ್ದದ್ದು. ಹೋಗಿ ಅದೇ ಸಂತೇಲಿ ನಿಂತು ನನ್ನ ಹೆಸರು ಹೇಳಿ.’

‘ಸಂತೆ ಬೀದಿಯಲ್ಲಿ ನಿನ್ನ ಹೆಸರೇ?’

‘ನಿಮಗೆ ಸಂಕೋಚ. ನನಗೇನೂ ಇಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದೀನಿ, ಕದ್ದಿಲ್ಲ.’

12 ಜೂನ್

ನಿದ್ದೆ ಇಲ್ಲ. ಪತ್ರದ ಆ ಸಾಲನ್ನು ಹೊಡೆದುಹಾಕಿ ಓದಿದೆ. ಉಳಿದದ್ದು ಇಷ್ಟೇ: ಬೋರ್ಡು ಯಾಕಿಲ್ಲ? ಅದನ್ನು ಕೇಳಿಯೇ ತೀರುತ್ತೇನೆ.

13 ಜೂನ್, ಗುರುವಾರ

ಸಂತೆ. ಹೋಗಲಿಲ್ಲ. ಮಳೆ ಇತ್ತು. ಧರ್ಮಾವತಿ ಕೊಡೆ ತಂದು ಬಾಗಿಲಲ್ಲಿ ಇಟ್ಟಳು. ಸಂಜೆ ಅದನ್ನು ಅವಳೇ ಒಳಗಿಟ್ಟಳು.

18 ಜೂನ್, ಮಂಗಳವಾರ, ಮೈಸೂರು, ಧರ್ಮಛತ್ರ

ನಿನ್ನೆ ಬೆಳಿಗ್ಗೆ ಗಂಡಸಿಗೆ ಹೋಗಿ ಸಿದ್ದಬಸಪ್ಪನನ್ನು ಕರೆದುಕೊಂಡು ಹೊರಟಿದ್ದೆ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ‘ಕಾರಿಗೆ’ ಎಂದಷ್ಟೇ ಹೇಳಿದ್ದೆ.

ಇಂದು ಬಸ್ಸು ಉದ್ಯಾನದ ಮೊದಲ ಗೇಟಿನಲ್ಲಿ ನಿಂತಿತು. ಬೋರ್ಡು ಇದೆ. ಕನ್ನಡದಲ್ಲಿಯೇ ಇದೆ, ಕೆಂಪಕ್ಷರ, ಆಳೆತ್ತರ. ಆಯುಧಗಳನ್ನು ಒಳಗೆ ಒಯ್ಯಕೂಡದು. ಲೈಸೆನ್ಸ್ ಇದ್ದವರೂ ಗೇಟಿನಲ್ಲಿ ತಿಳಿಸಿ, ಖಾಲಿ ಮಾಡಿ, ಒಪ್ಪಿಸಿ, ರಸೀದಿ ಪಡೆಯತಕ್ಕದ್ದು. ವಾಹನ ನಿಲ್ಲಿಸಕೂಡದು, ಇಳಿಯಕೂಡದು. ನಮ್ಮ ಪ್ರಕರಣ ಆದ ಮೇಲೆ ಹಾಕಿದ್ದಿರಬೇಕೆಂದು ಇಳಿದು ಹತ್ತಿರ ಹೋಗಿ ನೋಡಿದೆ. ಮೊಳೆಗಳು ತುಕ್ಕು ಹಿಡಿದಿವೆ. ತುಕ್ಕಿನ ನೀರು ಇಳಿದು ಕಂಬದ ಮೇಲೆ ಹಳೆಯ ಗೆರೆಗಳಾಗಿವೆ.

ರೇಂಜರು ವಯಸ್ಸಿನಲ್ಲಿ ಚಿಕ್ಕವನು. ಕುರ್ಚಿ ಕೊಟ್ಟ. ಠಾಣೆಯ ಬರಹ ಮೈಸೂರಿಗೆ ಹೋಗಿಬರಲು ಮಾತ್ರ ಇತ್ತೆಂದೂ, ಅಲ್ಲಿಂದ ಆಚೆಗೆ ತಂದದ್ದು ಬೇರೆಯೇ ಒಂದು ತಪ್ಪೆಂದೂ, ಕೋವಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತದೆಂದೂ ಹೇಳಿದ. ಯಾವಾಗ ವಾಪಸ್ಸು ಸಿಗುತ್ತದೆ ಎಂದು ನಾನು ಕೇಳಲು ಮರೆತೆ. ಅನುಮತಿಯಿಲ್ಲದೆ ಕೋವಿಯನ್ನು ಉದ್ಯಾನದೊಳಗೆ ತಂದದ್ದು ನಿಜ ಎಂದು ಬರೆದು ಸಹಿ ಹಾಕಿದೆ. ದಂಡ ನಾನೇ ಕಟ್ಟಿದೆ. ‘ಅವತ್ತು ನಮ್ಮ ಹುಡುಗರು ಕಳ್ಳಬೇಟೆ ಅಂದುಬಿಟ್ಟರು, ಅದು ತಪ್ಪು. ಅದಕ್ಕೆ ನಾನು ಕ್ಷಮೆ ಕೇಳ್ತೀನಿ’ ಎಂದ ರೇಂಜರು. ಆಫೀಸಿನ ಎಲ್ಲರನ್ನೂ ಕರೆದು, ಅವರ ಎದುರಿಗೇ ಹೇಳಿದ. ಹೊರಗೆ ನಿಂತಿದ್ದ ಸಿದ್ದಬಸಪ್ಪ ಕಿಟಕಿಯಿಂದ ಅದನ್ನು ನೋಡಿದ.

ಬ್ಯಾಟರಿ ಸತ್ತಿತ್ತು. ಗಾರ್ಡುಗಳು ತಳ್ಳಿದರು. ನಾನೂ ತಳ್ಳಿದೆ.

ಹಳೇಬೀಡು, 19 ಜೂನ್, ಬುಧವಾರ

ಕಾರು ಬಂತು. ಹಾಸನ ದಾಟಿದ ಮೇಲೆ ನಾನೇ ಅಂದೆ: ‘ಸಿದ್ದಬಸಪ್ಪ, ಗೇಟಿನಲ್ಲಿ ಹೇಳಿದ್ದು ನೀನಲ್ಲ.’

‘ನಾನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಯಜಮಾನ್ರೇ.’

‘ತಪ್ಪು ತಿಳಿದಿದ್ದೆ. ಕಾರು ಬಂತಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.’

ಅವನು ಗೇರು ಬದಲಾಯಿಸಿದ. ವೈಪರ್ ಇಲ್ಲದ ಕಡೆ ಮಳೆ ಗಾಜಿನ ಮೇಲೆ ಹಾಗೆಯೇ ಇಳಿಯುತ್ತಿತ್ತು. ಅವನು ಮುಂದಕ್ಕೆ ಬಾಗಿ, ನನ್ನ ಕಡೆಯ ಗಾಜಿನಿಂದ ದಾರಿ ನೋಡಿಕೊಂಡು ಓಡಿಸಿದ.

ನಮ್ಮ ಮನೆಯ ಬೀದಿಗೆ ತಿರುಗಿಸುತ್ತಾನೆಂದುಕೊಂಡಿದ್ದೆ. ತಿರುಗಿಸಲಿಲ್ಲ. ಬಸ್ ನಿಲ್ದಾಣದ ಎದುರು, ರೇವಣಸಿದ್ದಪ್ಪನ ಅಂಗಡಿಯ ಮುಂದೆ ತಂದು ನಿಲ್ಲಿಸಿ ಎಂಜಿನ್ ಆರಿಸಿದ. ಮಳೆ ಬಿಟ್ಟಿತ್ತು. ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದು ಹಿಡಿದ. ನಿಲ್ದಾಣದಲ್ಲಿದ್ದವರು ಕಾರು ನೋಡಿ ಎದ್ದು ಬಂದರು. ಟ್ಯಾಕ್ಸಿಯವರು ಇಬ್ಬರು ಬೀಡಿ ಎಸೆದು ಹತ್ತಿರ ಬಂದರು.

‘ಏನ್ಲಾ ಸಿದ್ದಬಸಪ್ಪ, ಬಂತಾ ಗಾಡಿ!’ ಎಂದ ರೇವಣಸಿದ್ದಪ್ಪ. ಆಮೇಲೆ ನನ್ನನ್ನು ನೋಡಿ, ‘ಹಂಗಾದ್ರೆ ಹಿಡಿಸಿಕೊಟ್ಟೋರು ಯಾರಂತೆ ಯಜಮಾನ್ರೇ?’ ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳುವ ಮಾತು ಚಿಕ್ಕದು. ಬಾಯಿಯವರೆಗೆ ಬಂತು. ಆ ಟ್ಯಾಕ್ಸಿಯವರ ಮುಖ ನೋಡಿದೆ. ನಾಳೆಯಿಂದ ಧರ್ಮಾವತಿಗೆ ಇವರು ಏನು ಹೆಸರಿಡುತ್ತಾರೋ ಎನಿಸಿತು. ‘ದಣಿದಿದ್ದೇನೆ, ಆಮೇಲೆ ಮಾತಾಡೋಣ’ ಎಂದು ಚೀಲಕ್ಕೆ ಕೈ ಹಾಕಿದೆ.

ಸಿದ್ದಬಸಪ್ಪ ಚೀಲವನ್ನು ತಾನೇ ಎತ್ತಿ ನನ್ನ ಕೈಗೆ ಕೊಟ್ಟ. ದನಿ ಏರಿಸಲಿಲ್ಲ. ಆದರೆ ಅಂಗಡಿಯ ಒಳಗಿದ್ದವರಿಗೂ ಕೇಳಿಸುವ ಹಾಗೆ ಹೇಳಿದ. ಅವನು ಕೇಳಿದ್ದನ್ನು ಅವನು ಕೇಳಿದಂತೆಯೇ ಬರೆದಿಡುತ್ತಿದ್ದೇನೆ:

‘ಕಾರೊಳಗೆ ಹೇಳಿದ್ದು ಕಾರಿಗೆ ಕೇಳಿಸ್ತು ಯಜಮಾನ್ರೇ. ನನ್ನ ಚಾಡಿಕೋರ ಅಂದಿದ್ದು ಇಲ್ಲಿ, ಈ ಅಂಗಡಿ ಮುಂದೆ, ಸಂತೆ ಜನದ ಮಧ್ಯೆ. ಆ ರೇಂಜರ್ ನಿಮ್ಗೆ ಎಲ್ರ ಮುಂದೇನೇ ಹೇಳಿದ್ರು, ನಾನು ಕಣ್ಣಾರೆ ನೋಡ್ದೆ. ನಾಳೆ ಸಂತೆ. ನಾನು ಇಲ್ಲೇ ಕಾರ್ ನಿಲ್ಸ್ಕಂಡ್ ಇರ್ತೀನಿ. ಹೇಳ್ದೋನು ಸಿದ್ದಬಸಪ್ಪ ಅಲ್ಲ ಅಂತ ಇದೇ ಜಾಗದಲ್ಲಿ, ಇದೇ ಜನಕ್ಕೆ, ಕೇಳಿಸೋ ಹಂಗೆ ಹೇಳ್ತೀರೋ ಇಲ್ವೋ?’